ಮಷಿನಿನ ಮುಂದಿನ ರಾಶಿ

"ಏ ಹಲ್ಕಟ್ ರಂಡೇರಾ! ಯಾರಪ್ಪನ ಗಂಟಂತ ಎಲ್ಲಾ ಬಳಕೊಂಡ್ರಿಲೇ? ಮಷಿನಿಗೆ ಏನ್ ನಿಮ್ಮ ಹೆಣ ಹಾಕ್ಲೇನು?"

ಸೂಪರ್‌ವೈಸರ್ ರುದ್ರೇಶ ಕಾಂಪೌಂಡಿನ ಹಿಂದೆ ಬಂದು ಹೀಗೆ ಕಿರುಚಿದಾಗ ನಾನು ಎದ್ದು ನಿಂತು ಸೆರಗು ಸರಿಮಾಡಿಕೊಂಡೆ. ಬೈಸಿಕೊಳ್ಳುವಾಗಲೂ ಎದ್ದು ನಿಲ್ಲುವ ಮರ್ಯಾದಸ್ಥ ಹೆಂಗಸು ನಾನು. ದುರುಗವ್ವ ಅಂತ ಹೆಸರು. ಗಂಗಾವತಿ ಕಡೆಯ ಈ ಕಸದ ಗುಡ್ಡದಲ್ಲಿ ಹಾಳೆ, ಪ್ಲಾಸ್ಟಿಕ್ ಆರಿಸಿ ಗುಜರಿಗೆ ಹಾಕಿ ಹೊಟ್ಟೆ ಹೊರೆಯುವವಳು. ಜನ ಅಂಜನಾದ್ರಿ ಬೆಟ್ಟ ಹತ್ತಿ ಪುಣ್ಯ ಕಟ್ಟಿಕೊಂಡರು, ನಾನು ಇದನ್ನು ಹತ್ತಿ ಕೆಮ್ಮು ಕಟ್ಟಿಕೊಂಡೆ. ಆದರೂ ಮಕ್ಕಳು ಬೆಳೆದದ್ದು ಇದರಿಂದಲೇ.

ಈಗ ಇಲ್ಲಿಗೆ ಕಸ ಸುಟ್ಟು ಕರೆಂಟು ತೆಗೆಯುವ ಮಷಿನು ಬಂದಿತ್ತು. ಸುತ್ತ ಗೋಡೆ, ಗೇಟು, ವಾಚ್‌ಮನ್ನು. ಮಷಿನು ಶುರುವಾದ ಮೇಲೆ ಹೊರಗಿನವರಿಗೆ ಪ್ರವೇಶವಿಲ್ಲ ಅಂದರು. ಹೊರಗಿನವರು ಅಂದರೆ ನಾವೇ ಅಂತ ತಿಳಿಯಲು ನನ್ನ ಮಂಡೆಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಗ ರುದ್ರೇಶನೇ ಆಸೆ ತೋರಿಸಿದ್ದ. "ಉದ್ಘಾಟನಾಕ್ಕ ದೊಡ್ಡ ಸಾಹೇಬ್ರು ಬರ್ತಾರ. ಮಷಿನ್ ಮುಂದಿನ ರಾಶಿ ಸ್ವಚ್ಛ ಕಾಣಬೇಕು. ಒಂದ್ ಹಾಳಿ ಹಾರಿ ಅವರ ಮಾರಿಗೆ ಬಡೀಬಾರದು. ಛಲೋ ಮಾಡಿದ್ರ ಒಳಗ ಕಸ ಬ್ಯಾರೆ ಮಾಡೋ ಕೆಲಸಕ್ಕ ನಿಮ್ಮನ್ನ ಇಟ್ಕೋತೀನಿ."

ಜೊತೆಗಾತಿ ಕಾಸೀಮಬೀ, "ಅವನ ಮಾತ ನಂಬಬ್ಯಾಡ ಯಕ್ಕಾ" ಅಂದಳು. ಮಹಾ ಬುದ್ಧಿವಂತೆ ನಾನು, ಅವಳ ಬಾಯಿ ಮುಚ್ಚಿಸಿದೆ. ಬೀಗರು ಬರುವ ಮನೆಯ ಹಾಗೆ ಆ ರಾಶಿಯನ್ನು ಹಸನು ಮಾಡಿದೆವು. ಒಂದು ಕ್ಯಾರಿಬ್ಯಾಗ್ ಬಿಡಲಿಲ್ಲ, ಒಂದು ಚಪ್ಪಲಿ, ಚಿಂದಿ, ತೆಂಗಿನ ಚಿಪ್ಪು ಬಿಡಲಿಲ್ಲ, ಎಲ್ಲ ನಮ್ಮ ಚೀಲಕ್ಕೆ ತುಂಬಿದೆವು. ಗುಜರಿಯವನು ಮುಟ್ಟದ ಕೊಳೆತ ಬದನೆಕಾಯಿ, ಹಸಿ ಎಲೆ, ಮಣ್ಣು ಮಾತ್ರ ಉಳಿದವು. ನಾನಂತೂ ಮುಂದೆ ನೀರು ಚಿಮುಕಿಸಿ ರಂಗೋಲಿಯನ್ನೂ ಹಾಕಿದೆ. ರುದ್ರೇಶ ನೋಡಿ, "ಶಾಭಾಸ್" ಅಂದು ಹೋದ.

ಉದ್ಘಾಟನೆಯ ದಿನ ತಲೆಗೆ ಎಣ್ಣೆ ಹಚ್ಚಿ, ಹೂ ಮುಡಿದು ಹೋದೆ. ಮುಂದೆ ಕೂರಿಸುತ್ತಾರೆ ಅಂತ ನನ್ನ ಲೆಕ್ಕ. "ವಾಸನಿ ಬರ್ತೈತಿ, ಹಿಂದ ಸರೀರಿ" ಅಂತ ಕಾಂಪೌಂಡಿನ ಹಿಂದಕ್ಕೆ ಅಟ್ಟಿದರು. ಅಲ್ಲಿ ನಮ್ಮ ಚೀಲಗಳ ಪಕ್ಕ ಕುಳಿತು ಭಾಷಣ ಕೇಳಿದೆವು. ಸಾಹೇಬರು ಗುಂಡಿ ಒತ್ತಿದರು. ಮಷಿನು ಹಸಿ ಕಸ ನುಂಗಿ, ಗುರ್ ಅಂದು, ಒಂದಿಷ್ಟು ಹೊಗೆ ಕಾರಿ ಸುಮ್ಮನಾಯಿತು. ಮತ್ತೆ ಒತ್ತಿದರು, ಮತ್ತೆ ಹೊಗೆ. ಉರಿಯುವುದೆಲ್ಲ ನಮ್ಮ ಚೀಲದಲ್ಲಿತ್ತು.

ಅದಕ್ಕೇ ಈ ಬೈಗುಳ.

"ಚೀಲ ಎತ್ರಿ! ಹಿಂದಿನ ಬಾಗಲದಾಗಿಂದ ತಂದು ಸುರೀರಿ. ಯಾರಿಗೂ ಕಾಣಬಾರದು."

"ಸುರೀತೀವ್ರಿ. ನಮ್ಮ ಕೆಲಸದ್ದು ಏನಾತ್ರಿ?" ಕಾಸೀಮಬೀ ಕೇಳಿದಳು.

"ಯಾವ ಕೆಲಸಲೇ? ಕಂಪನಿ ತನ್ನ ಮಂದಿ ತಂದೈತಿ. ನಾಳಿಂದ ಈ ಕಡಿ ಹಣಿಕಿ ಹಾಕಿದ್ರ ಕಾಲ ಮುರೀತೀನಿ."

ಅಷ್ಟರಲ್ಲಿ ನಾನು ಚೀಲ ತಲೆಗೇರಿಸಿಯೂ ಆಗಿತ್ತು. ನೋಡಿ ನನ್ನ ಬುದ್ಧಿ! ಎತ್ತು ಅಂದರೆ ಸಾಕು, ಯಾಕೆ ಅಂತ ಕೇಳುವ ಮೊದಲೇ ಕೈ ಹೋಗುತ್ತದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಮೈಯೆಲ್ಲ ಉರಿದುಹೋಯಿತು. ಹೊತ್ತದ್ದನ್ನು ಇಳಿಸಲಿಲ್ಲ. ಹಿಂದಿನ ಬಾಗಿಲಿಗೂ ಹೋಗಲಿಲ್ಲ. ಕಾಂಪೌಂಡು ಸುತ್ತಿ, ಮುಂದಿನ ಗೇಟಿನಿಂದ ಶಾಮಿಯಾನದೊಳಕ್ಕೆ ನಡೆದೆ. ರುದ್ರೇಶ "ಏ, ಏ" ಅನ್ನುತ್ತ ಬೆನ್ನ ಹಿಂದೆ ಓಡಿ ಬಂದ. ಹಿಡಿದು ನಿಲ್ಲಿಸಬಹುದಿತ್ತು. ಆದರೆ ನನ್ನನ್ನು ಮುಟ್ಟಬೇಕಲ್ಲ.

ಸಾಹೇಬರ ಮುಂದೆ ಕೆಂಪು ಜಮಖಾನೆ ಹಾಸಿತ್ತು. ಅದರ ಮೇಲೆ ಚೀಲ ಬೋರಲು ಹಾಕಿದೆ. ಹರಿದ ಚಪ್ಪಲಿ, ಹಾಲಿನ ಪಾಕೀಟು, ಮಕ್ಕಳ ಹೇಲಿನ ಚಡ್ಡಿ, ಯಾರದೋ ಮನೆಯ ಮುಟ್ಟಿನ ಬಟ್ಟೆ, ಎಲ್ಲ ಉರುಳಿದವು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಕಾಲು ಮೇಲಕ್ಕೆತ್ತಿದರು. ನಾನು ಕಾಲು ಚಾಚಿ ಕುಳಿತು ಒಂದೊಂದೇ ಆರಿಸತೊಡಗಿದೆ. ಅಷ್ಟು ಮೆತ್ತನೆಯ ಹಾಸಿನ ಮೇಲೆ ನನ್ನ ಮದುವೆಯಲ್ಲೂ ಕುಳಿತಿರಲಿಲ್ಲ.

"ಏಳ್... ಏಳ್ರಿ ಯವ್ವಾ, ದೊಡ್ಡವರದಾರ" ಎಂದು ರುದ್ರೇಶ ಹಲ್ಲು ಕಿರಿಯುತ್ತ ಪಿಸುಗುಟ್ಟಿದ.

"ದೊಡ್ಡವರದಾರಂತನ ಕುಂತೀನಿ. ಕೆಲಸ ಕೊಡ್ತೀನಿ ಅಂದಿದ್ದಿ. ಈಗ ಇವರ ಮುಂದ ಹೇಳು, ಕೊಡ್ತೀಯೋ ಇಲ್ಲೋ? ಅಲ್ಲೀತನ ನಿನ್ನ ಮಷಿನು ಉಪವಾಸ ಬೀಳ್ಲಿ."

ಕಾಸೀಮಬೀ ಬಂದು ತನ್ನ ಚೀಲವನ್ನೂ ನನ್ನ ಪಕ್ಕದಲ್ಲೇ ಸುರಿದಳು. ನಾನು ಜಮಖಾನೆಯ ಮೇಲೆ ಒಂಚೂರು ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.