ಬಲೆಯ ಕಣ್ಣು ದೊಡ್ಡದಾಗಲಿ

“ಇದೇನ್ರೀ? ಮೀನು ತಂದ್ರೋ, ಮೀನಿನ ಶಿಶುವಿಹಾರಾನೇ ಎತ್ಕೊಂಡು ಬಂದ್ರೋ?”

ಬುಟ್ಟಿ ನೋಡಿ ಹೆಂಡತಿ ಹಾಗೆ ಕೇಳಿದಾಗ ಮೀಸೆ ಮಾವ ತಲೆ ತಗ್ಗಿಸಿದರು. ಅವರದು ಸ್ವಂತ ದೋಣಿ. ಹಿಡಿದು ತಂದ ಮೀನನ್ನು ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಕೂತು ಮಾರುವುದು ಹೆಂಡತಿ, ಬಂದರಿಗೆಲ್ಲ ಅವರು ಅತ್ತೆ.

ಈ ಊರನ್ನು ಕಟ್ಟಿದ್ದೇ ಮೀನು. ಮಾವನ ಅಜ್ಜನ ಕಾಲದಲ್ಲಿ ಇಲ್ಲಿ ಇದ್ದದ್ದು ನಾಲ್ಕಾರು ಗುಡಿಸಲು. ಮೀನಿನ ಹಿಂದೆ ಉಪ್ಪಿನ ಅಂಗಡಿ, ಐಸ್ ಫ್ಯಾಕ್ಟರಿ, ದೋಣಿ ಕಟ್ಟುವ ಬಡಗಿಗಳು, ಕೊನೆಗೆ ಶಾಲೆಯೂ ಬಂತು. ಈಗ ಮೀನೇ ಇಲ್ಲ. ಫ್ಯಾಕ್ಟರಿಗೆ ಬೀಗ ಬಿದ್ದಿದೆ, ಬಡಗಿಗಳು ಗಂಟುಮೂಟೆ ಕಟ್ಟಿದ್ದಾರೆ. ಮಾವನೂ ದೋಣಿ ಮಾರುವ ಮಾತಾಡುತ್ತಿದ್ದರು.

ಅಂದು ಅತ್ತೆಯ ತಂಗಿ ಮನೆಗೆ ಬಂದಿದ್ದಳು. ಅವಳಿಗೆ ಮೀನುಗಾರಿಕೆ ಇಲಾಖೆಯಲ್ಲಿ ಕೆಲಸ. ಬುಟ್ಟಿಯಿಂದ ಒಂದು ಮರಿಯನ್ನೂ ಇದ್ದ ಒಂದೇ ದೊಡ್ಡ ಮೀನನ್ನೂ ಎತ್ತಿ ಹೊಟ್ಟೆ ಸೀಳಿದಳು.

“ನೋಡಿ ಭಾವ, ದೊಡ್ಡದರ ಹೊಟ್ಟೆ ತುಂಬಾ ಮೊಟ್ಟೆ. ಈ ಮರೀಲಿ ಏನೂ ಇಲ್ಲ. ಒಂದು ಸಲಾನೂ ಮೊಟ್ಟೆ ಇಡೋಕೆ ಬಿಡದೆ ಹಿಡಿದ್ರೆ, ಮುಂದೆ ಮೀನು ಎಲ್ಲಿಂದ ಬರ್ಬೇಕು? ಬಲೆಯ ಕಣ್ಣು ದೊಡ್ಡದು ಮಾಡಿ, ಮರಿಗಳು ನುಸುಳಿ ಹೋಗ್ಲಿ.”

“ನಾನು ಬಿಟ್ಟಿದ್ದನ್ನ ಪಕ್ಕದ ದೋಣಿಯವನು ಹಿಡೀತಾನೆ. ನಾನೇನು ಬಾಯಿ ಬಿಟ್ಕೊಂಡು ನೋಡ್ತಾ ಕೂರ್ಲಾ?”

ಅತ್ತೆಗೆ ಉಪಾಯ ಹೊಳೆಯಿತು. “ಹಿಡೀಲಿ ಬಿಡಿ. ಮಾರೋರು ನಾವು ಹೆಂಗಸ್ರು ತಾನೇ?”

ಮರುದಿನ ದಕ್ಕೆಯಲ್ಲಿ ಗದ್ದಲವೋ ಗದ್ದಲ! ಮೀನು ಮಾರುವ ಹೆಂಗಸರೆಲ್ಲ ಕೈ ಕಟ್ಟಿ ನಿಂತಿದ್ದರು. “ಮರಿ ಮೀನಿನ ಬುಟ್ಟಿ ಮುಟ್ಟಲ್ಲ!” ದೋಣಿಯವರು ಬೈದರು, ಗೋಗರೆದರು. ಹೆಂಗಸರು ಜಗ್ಗಲಿಲ್ಲ.

ಮೊದಲು ಬಲೆ ಬದಲಿಸಿದವರು ಮೀಸೆ ಮಾವ. “ಮನೇಲೂ ಬೈಸ್ಕೊಂಡು ದಕ್ಕೇಲೂ ಬೈಸ್ಕೊಳ್ಳೋಕೆ ನನ್ನ ಕೈಲಾಗಲ್ಲಪ್ಪ!” ಎಂದರು. ಎಲ್ಲರೂ ನಕ್ಕರು; ಒಬ್ಬೊಬ್ಬರಾಗಿ ತಾವೂ ಬದಲಿಸಿದರು. ಮೀನು ಮೊಟ್ಟೆ ಇಡುವ ಕಾಲದಲ್ಲಿ ಇಡೀ ಬಂದರು ದೋಣಿಗಳನ್ನು ದಡಕ್ಕೆ ಕಟ್ಟಿ ಕೂತಿತು. ಆ ದಿನಗಳು ಕಷ್ಟದವೇ. ಒಣಮೀನು ಮಾರಿ, ಬಲೆ ಹೆಣೆದು ಹೇಗೋ ದಾಟಿದರು.

ಕೆಲವು ವರ್ಷ ಕಳೆದು, ಒಂದು ಬೆಳಿಗ್ಗೆ ಮಾವನ ದೋಣಿ ನೀರಿನಲ್ಲಿ ತಗ್ಗಿ, ತೆವಳುತ್ತಾ ಬಂತು. ಅತ್ತೆ ದಕ್ಕೆಯ ಅಂಚಿಗೆ ಓಡಿದರು. “ಅಯ್ಯೋ, ಎಂಜಿನ್ ಕೆಟ್ಟಿತಾ?”

“ಕೆಟ್ಟಿಲ್ಲ ಕಣೇ, ಭಾರ! ಬುಟ್ಟಿ ತಾ! ಇರೋ ಬುಟ್ಟಿನೆಲ್ಲಾ ತಾ!”

ದೋಣಿಯ ತುಂಬ ಮೊಳದುದ್ದದ ಮೀನುಗಳು ಮಿರಮಿರ ಮಿಂಚುತ್ತಿದ್ದವು. ದಕ್ಕೆಯೆಲ್ಲ ಓಟ, ಕೂಗು, ನಗು! ದೋಣಿ ಮಾರುವ ಮಾತನ್ನು ಮಾವ ಮತ್ತೆ ಎತ್ತಲಿಲ್ಲ.

ಮೀನುಗಾರ ಅಣ್ಣಂದಿರೇ, ಬಲೆಯ ಕಣ್ಣು ದೊಡ್ಡದು ಮಾಡಿ. ಅಕ್ಕಂದಿರೇ, ಮರಿ ಮೀನು ಮಾರಬೇಡಿ, ಕೊಳ್ಳಲೂ ಬೇಡಿ. ನಿಮ್ಮ ದಕ್ಕೆಯಲ್ಲಿ ಮೊದಲು ಯಾರು ಶುರುಮಾಡುತ್ತಾರೆಂದು ಕಾಯುತ್ತಿದ್ದೀರಾ? ನೀವೇ ಶುರುಮಾಡಿ, ಇವತ್ತೇ!