ನಾಲ್ಕು ಮನೆ ಕೆಳಗೆ

ಪಿತೃಪಕ್ಷಕ್ಕೆ ಶಿವರಾಜುಗೆ ಎಡೆ ಇಟ್ಟೆವು. ನನ್ನ ಗಂಡ ಹೋದ ಮೇಲೆ ಇದೇ ಮೊದಲನೆಯದು. ಬಾಳೆಎಲೆಯ ಮೇಲೆ ಮುದ್ದೆ, ಬಾಡಿನ ಸಾರು, ಮದ್ದೂರಿನಿಂದ ನಾನೇ ತಂದ ವಡೆ. ಪಕ್ಕದಲ್ಲಿ ಅವರ ನೀಲಿ ಶರ್ಟು. ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದೆವು. ಸತ್ತವರು ಉಣ್ಣುವುದನ್ನು ಯಾರೂ ನೋಡಬಾರದು.

"ಅವುನ್ನ ಕರಿ ಕಣಮ್ಮ," ಎಂದರು ಅತ್ತೆ ದೇವಿರಮ್ಮ. "ಎಂಡ್ತಿ ಅತ್ತು ಕರುದ್ರೇನೆ ಬರಾದು. ಇಲ್ದಿದ್ರೆ ನನ್ ಮಗ ಅಸ್ಕಂಡೇ ಓಯ್ತಾನೆ."

ಮಳವಳ್ಳಿ ರಸ್ತೆಯಲ್ಲಿ ಅವರ ಬೈಕಿಗೆ ಲಾರಿ ಬಡಿದ ದಿನದಿಂದ ನಾನು ಅತ್ತಿಲ್ಲ. ನಮ್ಮೂರು ಆತಗೂರಿಗೆಲ್ಲ ಅದು ಗೊತ್ತು. ಎದ್ದು ಕಸ ಗುಡಿಸುತ್ತೇನೆ, ತಲೆ ಬಾಚುತ್ತೇನೆ, ಬಸ್ಸು ಹತ್ತಿ ಮಂಡ್ಯದ ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ಬರುತ್ತೇನೆ.

"ಸ್ವಲ್ಪ ಹೊತ್ತು ಬಿಡಿ, ಅತ್ತೆ," ಎಂದೆ.

ಓರಗಿತ್ತಿಯ ಮಗಳು ರಂಜಿತ ಗ್ರಾಫ್ ಹಾಳೆ ಹಿಡಿದು ಪಕ್ಕ ಕೂತಳು. ಮಾರನೆಯ ದಿನ ಅವಳಿಗೆ ಟೆಸ್ಟು.

"ಸತ್ತೋರು ಉಣ್ಣೋ ಒತ್ನಲ್ಲೂ ಲೆಕ್ಕವೇನೇ?" ಎಂದಳು ಅವಳ ತಾಯಿ ಇಂದ್ರಮ್ಮ. "ನಿನ್ ಚಿಕ್ಕಪ್ಪಂಗೆ ಲೆಕ್ಕ ಅಂದ್ರೆ ಆಯ್ತಿರ್ನಿಲ್ಲ. ಎದ್ರುಕಂಡು ಓಡೋಗ್ತಾನೆ ಕಣೇ."

ಎಕ್ಸ್ ವರ್ಗದ ಗ್ರಾಫ್, ಬಟ್ಟಲಿನಂಥ ಗೆರೆ. ಅದರಿಂದ ನಾಲ್ಕು ಕಳೆದು ಮತ್ತೆ ಬರೆಯಬೇಕು. ರಂಜಿತ ಬಟ್ಟಲಿನ ತಳವನ್ನು ಮಾತ್ರ ಹಾಳೆಯ ಚೌಕಗಳಲ್ಲಿ ನಾಲ್ಕು ಮನೆ ಕೆಳಗಿಳಿಸಿ, ಎರಡೂ ತೋಳುಗಳನ್ನು ಹಳೆಯ ಜಾಗಕ್ಕೇ ಎಳೆದು ಸೇರಿಸಿದ್ದಳು.

"ತಳ ಇಳುದ್ರೆ ಸಾಲ್ದಾ, ಚಿಕ್ಕಮ್ಮ?"

"ಸಾಲದು. ಒಂಬತ್ತರಲ್ಲಿದ್ದ ಬಿಂದು ಐದಕ್ಕೆ ಬರಬೇಕು. ನಾಲ್ಕರಲ್ಲಿದ್ದದ್ದು ಸೊನ್ನೆಗೆ. ಪ್ರತಿ ಬಿಂದುವೂ ಅಷ್ಟೇ ಇಳಿಯುತ್ತೆ."

ಅವಳು ಅಳಿಸಿ ಮತ್ತೆ ಬರೆದಳು. ಈ ಸಲ ಸರಿಯಾಗಿತ್ತು.

"ಆಕಾರ ಒಂಚೂರೂ ಬದ್ಲಾಗ್ನಿಲ್ಲ! ಈ ಸೊನ್ನೆ ಅಡ್ಡಗೆರೆ ಅಳಿಸ್ಬುಟ್ರೆ, ಇಳಿದದೆ ಅಂತ ಎಂಗ್ ಗೊತ್ತಾಯ್ತದೆ?"

"ಗೊತ್ತಾಗಲ್ಲ," ಎಂದೆ.

ದೇವಿರಮ್ಮ ಎದ್ದು ಬಾಗಿಲು ತೆರೆದರು. ವಡೆ ಮುರಿದಿರಲಿಲ್ಲ, ಮುದ್ದೆಯ ಮೇಲೆ ಬೆರಳ ಗುರುತಿರಲಿಲ್ಲ. ಅತ್ತೆ ಎಲೆಯ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು.

"ಮುಟ್ಟಿಲ್ಲ," ಎಂದರು. ಮತ್ತೆ ಬಾಗಿಲು ಎಳೆದುಕೊಂಡು ನನ್ನ ಕಡೆ ತಿರುಗಿದರು. "ಕರಿಯೇ. ನಿನ್ ಕಾಲಿಗ್ ಬೀಳ್ತೀನಿ. ಒಂದೇ ಒಂದ್ ಸಲ ಅತ್ತು ಕರಿ."

ಬಾಗಿಲ ಮುಂದೆ ನಿಂತೆ. ಅಳು ಬರಲಿ ಎಂದು ಶರ್ಟನ್ನು ನೆನೆದೆ, ಲಾರಿಯನ್ನು ನೆನೆದೆ, ಶವಾಗಾರದಲ್ಲಿ ಕಂಡ ಅವರ ಪಾದಗಳನ್ನು ನೆನೆದೆ. ಕೊನೆಗೆ ಬಾಯಿ ತೆರೆದೆ.

"ರೀ, ಬನ್ನಿ. ಸಾರು ಆರುತ್ತೆ."

ದಿನಾ ರಾತ್ರಿ ಊಟಕ್ಕೆ ಕರೆಯುತ್ತಿದ್ದ ದನಿ. ಒಂದಿಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಕೇಳ್ದಾ ಇಂದ್ರಿ?" ಎಂದರು ದೇವಿರಮ್ಮ. "ಗಂಡ ಒಲದಿಂದ ಬಂದವ್ನೆ ಅನ್ನಂಗೆ ಕರೀತಾಳಲ್ಲ. ಇವ್ಳಿಗ್ ಏನಾಗದೆ ಅಂತ ಏಳು? ಏನೂ ಆಗಿಲ್ಲ."

ಇಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಂಜಿತ ಪೆನ್ಸಿಲ್ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹಾಳೆಯ ಅಡ್ಡಗೆರೆಯ ಮೇಲೆ ಬೆರಳಿಟ್ಟಳು.

ಎರಡನೆಯ ಸಲ ಬಾಗಿಲು ತೆರೆದಾಗಲೂ ವಡೆ ಹಾಗೇ ಇತ್ತು. ಸಾರಿನ ಮೇಲೆ ಜಿಡ್ಡು ಹೆಪ್ಪುಗಟ್ಟಿತ್ತು.

"ಎತ್ತು ಎಲೆಯ," ಎಂದರು ಅತ್ತೆ.

ಎತ್ತಿದೆ.