ಮಾವ ಆರಿಸಿದ ಪ್ರೊಪೆಲ್ಲರ್

ಮೈದಾನದ ಕೊನೆಯ ಬಿಳಿ ಬಾವುಟ ಹತ್ತಿರ ಬರುತ್ತಿತ್ತು, ಚಕ್ರ ಮಾತ್ರ ಹುಲ್ಲು ಬಿಡಲೊಲ್ಲದು. ಸೊಸೆ ಥ್ರಾಟಲ್ ಪೂರ್ತಿ ಒತ್ತಿ ಹಿಡಿದಿದ್ದಳು. ಪಕ್ಕದ ಸೀಟಿನಲ್ಲಿ ಮಾವ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ಕೂತಿದ್ದರು. ಹೊಟ್ಟೆ ಒಳಗೆಳೆದುಕೊಂಡರೆ ಭಾರ ಕಡಿಮೆಯಾಗುತ್ತದೆ ಅಂತ ಅವರಿಗೆ ಯಾರು ಹೇಳಿದರೋ. ವಿಮಾನ ಒಂದು ಸಲ ಕುಪ್ಪಳಿಸಿತು, ಮತ್ತೆ ನೆಲಕ್ಕೇ ಕೂತಿತು. ಇನ್ನೂ ಕಾಯುವುದು ಹುಚ್ಚುತನ ಅನ್ನಿಸಿ ಅವಳು ಥ್ರಾಟಲ್ ಎಳೆದು ಬ್ರೇಕ್ ಹಿಡಿದಳು. ನಿಂತಾಗ ಬಾವುಟದ ಕಂಬ ಮೂಗಿನ ಮುಂದೆಯೇ ಇತ್ತು.

"ನನ್ನಿಂದಲೇ ಆಯ್ತು," ಅಂದರು ಮಾವ. "ಬೆಳಿಗ್ಗೆ ಒಂದು ತುಂಡು ಬ್ರೆಡ್ಡು ಜಾಸ್ತಿ ತಿಂದುಬಿಟ್ಟೆ."

ಹೇಳಬೇಕಾದ್ದು ಸೊಸೆಯ ನಾಲಿಗೆ ತುದಿಯಲ್ಲೇ ಇತ್ತು, ನುಂಗಿಕೊಂಡಳು.

ಮೈದಾನದ ಕಾರ್ಯದರ್ಶಿ ಕೊರಳಲ್ಲಿ ಸೀಟಿ ತೂಗಾಡಿಸಿಕೊಂಡು ಬಂದರು. ಸ್ನಾನಕ್ಕೂ ಆ ಸೀಟಿ ಹಾಕಿಕೊಂಡೇ ಹೋಗುತ್ತಾರೆ ಅಂತ ಮಾತಿತ್ತು. ಎಲ್ಲರೂ ಅವರನ್ನು ಕರೆಯುತ್ತಿದ್ದುದೂ ಸೀಟಿ ಸಾಹೇಬರು ಅಂತಲೇ. ಕೆಟ್ಟ ಮನುಷ್ಯರಲ್ಲ, ಆದರೆ ನಿಯಮ ಅಂದರೆ ನಿಯಮ. ಎರಡು ಸೀಟಿನ ವಿಮಾನಕ್ಕೆ ಇಲ್ಲಿ ಶೆಡ್ಡು ಬೇಕಾದರೆ, ಅದು ಇಬ್ಬರನ್ನು ಹೊತ್ತು ಆ ಬಾವುಟದ ಮೇಲೆ ಹಾರಿ ತೋರಿಸಬೇಕು.

"ಬರೋ ಭಾನುವಾರ ಕೊನೆ, ತಾಯಿ," ಅಂದರು ಸೀಟಿ ಸಾಹೇಬರು. "ಅವತ್ತೂ ಆಗದಿದ್ದರೆ ಶೆಡ್ಡು ಖಾಲಿ ಮಾಡಬೇಕಾಗುತ್ತೆ. ಕಾಯ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ."

ಶೆಡ್ಡು ಹೋಯಿತು ಅಂದರೆ ವಿಮಾನವೂ ಹೋಯಿತು ಅಂತಲೇ ಲೆಕ್ಕ. ಅವರ ಓಣಿಯಲ್ಲಿ ಎರಡು ಸೈಕಲ್ಲು ಎದುರುಬದುರಾದರೆ ಒಬ್ಬರು ಇಳಿಯಬೇಕು, ಅಂಥದ್ದರಲ್ಲಿ ವಿಮಾನ ಎಲ್ಲಿ ಇಡುತ್ತೀರಿ? ಬಟ್ಟೆ ಹೊದಿಸಿದ ರೆಕ್ಕೆಯನ್ನು ಬಯಲಿಗೆ ಬಿಟ್ಟರೆ ಒಂದು ಮಳೆಗಾಲ ತಡೆಯುವುದಿಲ್ಲ. ಸೊಸೆ ಸಿಟಿ ಬಸ್ಸಿನ ಡ್ರೈವರು. ಮಾವ ಗಡಿಯಾರ ರಿಪೇರಿಯವರು, ಈಗ ಅಂಗಡಿ ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಅವಳ ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಅರ್ಧ ನೀರಿನ ಮೇಲೆ. ಅವನಿಲ್ಲದ ಸಂಜೆಗಳಲ್ಲಿ ಈ ಇಬ್ಬರು ಸೇರಿ ಕಟ್ಟಿದ ವಿಮಾನ ಅದು. ರೆಕ್ಕೆಯೊಳಗಿನ ಒಂದೊಂದು ಪಟ್ಟಿಯನ್ನೂ ಮಾವ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೇ ಕೂರಿಸಿದ್ದರು. ಅವಳೊಬ್ಬಳೇ ಕೂತರೆ ಅದು ಚೆನ್ನಾಗಿಯೇ ಹಾರುತ್ತಿತ್ತು. ಮಾವ ಹತ್ತಿದರೋ, ಮುನಿಸಿಕೊಂಡು ನೆಲ ಹಿಡಿಯುತ್ತಿತ್ತು. ಕಟ್ಟಿದ ಮನುಷ್ಯ ಇನ್ನೂ ಒಂದು ಸಲವೂ ಅದರಲ್ಲಿ ಹಾರಿರಲಿಲ್ಲ.

ಮನೆಯಲ್ಲಿ ಅತ್ತೆ ಮೊದಲ ಸಲ ಅದು ಏಳದಿದ್ದಾಗಲೇ ಇದಕ್ಕೆ ತಮ್ಮದೇ ಮದ್ದು ಕಂಡುಹಿಡಿದಿದ್ದರು. ವಿಮಾನ ಏಳುತ್ತಿಲ್ಲ ಅಂದರೆ ಭಾರ ಜಾಸ್ತಿ. ಭಾರ ಜಾಸ್ತಿ ಅಂದರೆ ಯಾರದ್ದು ಅಂತ ಕೇಳಬೇಕೆ? ಮಾವನ ತಟ್ಟೆಗೆ ಬೇಯಿಸಿದ ಎಲೆಕೋಸು ಬಂತು, ಉಪ್ಪಿಲ್ಲದ ಸೌತೆಕಾಯಿ ಬಂತು. ಬನ್ನಿನ ಡಬ್ಬಿ ಅಟ್ಟ ಹತ್ತಿತು. ಊಟಕ್ಕೆ ಮೊದಲು ಮಾವ ಪಕ್ಕದ ಹಿಟ್ಟಿನ ಗಿರಣಿಗೆ ಹೋಗಿ, ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತು ಬರಬೇಕು. ಪಾಪ, ಮನುಷ್ಯ ಚಕಾರ ಎತ್ತಲಿಲ್ಲ. ಬೆಲ್ಟಿಗೆ ಹೊಸ ತೂತು ಕೊರೆದುಕೊಂಡು, "ನೋಡು ಮಗಳೇ, ಇನ್ನೊಂದಿಷ್ಟು ಹಗುರಾದೆ," ಅಂತ ಹೆಮ್ಮೆಯಿಂದ ತೋರಿಸುತ್ತಿದ್ದರು. ಸೊಸೆ ತನ್ನ ತಟ್ಟೆಯ ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಯಾಕೆಂದರೆ ಅವಳಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಾಗಿತ್ತು.

ತಪ್ಪು ಮಾವನ ಹೊಟ್ಟೆಯದ್ದಲ್ಲ, ವಿಮಾನದ ಮೂತಿಯ ಮೇಲೆ ಮಿರಮಿರ ಮಿಂಚುತ್ತಿದ್ದ ಆ ಪ್ರೊಪೆಲ್ಲರಿನದ್ದು. ಅದನ್ನು ಆರಿಸಿ ತಂದವರು ಮಾವ. ಓಟದ ವಿಮಾನ ಇಟ್ಟುಕೊಂಡಿದ್ದ ಯಾರೋ ಸಾಮಾನು ಖಾಲಿ ಮಾಡುತ್ತಿದ್ದಾರೆ ಅಂತ ಕೇಳಿ, ರೈಲು ಹತ್ತಿ ಹೋಗಿ, ದಾರಿಯುದ್ದಕ್ಕೂ ಮಡಿಲಲ್ಲಿ ಮಲಗಿಸಿಕೊಂಡು ಬಂದಿದ್ದರು. ಕಡುಗಂದು ಮರ, ಅಂಚಿಗೆ ಹಿತ್ತಾಳೆ ತಗಡು, ಕನ್ನಡಿಯಂಥ ವಾರ್ನಿಷು. ಗಡಿಯಾರದವರು ಮುಳ್ಳು ಆರಿಸುವ ಹಾಗೆ ಆರಿಸಿದ್ದರು: ನಡುವಿನ ತೂತಿಗೆ ಸಲಾಕೆ ತೂರಿಸಿ ತಿರುಗಿಸಿ, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ, ಎರಡು ಕಡೆಯೂ ಸಮತೂಕ ಅಂತ ಖಾತ್ರಿ ಮಾಡಿಕೊಂಡು. ಮನೆಯಲ್ಲಿ ಯಾರೋ ಅದನ್ನು ಗೋಡೆಗೆ ನೆಟ್ಟಗೆ ಒರಗಿಸಿದಾಗ ಅಪರೂಪಕ್ಕೆ ರೇಗಿದ್ದರು. ಮರದ ಪ್ರೊಪೆಲ್ಲರನ್ನು ನಿಲ್ಲಿಸಬಾರದು, ಒಳಗಿನ ತೇವ ಕೆಳಗಿನ ಅಲಗಿಗೆ ಇಳಿದು ಒಂದು ಕಡೆ ಭಾರ ಆಗುತ್ತೆ, ಅಡ್ಡ ಮಲಗಿಸಬೇಕು ಅಂತ. ಎಂಜಿನ್ ನಿಂತ ಮೇಲೆ ಅವರು ಪ್ರತಿ ಸಲವೂ ಹೋಗಿ ಅದನ್ನು ಕೈಯಾರೆ ಅಡ್ಡಕ್ಕೆ ತಿರುಗಿಸಿ ಬರುತ್ತಿದ್ದರು, ಮಗುವಿನ ತಲೆ ದಿಂಬಿಗೆ ಸರಿಮಾಡಿದ ಹಾಗೆ.

ಎಲ್ಲ ಸರಿ. ಆದರೆ ಅದು ಓಟದ್ದು. ಅದರ ಅಲಗಿಗೆ ತಿರುಚು ಜಾಸ್ತಿ. ಒಂದೊಂದು ಸುತ್ತಿಗೂ ಗಾಳಿಯನ್ನು ದೊಡ್ಡ ದೊಡ್ಡ ತುತ್ತಾಗಿ ಕಚ್ಚುತ್ತದೆ. ಮೇಲೆ ಹೋದ ಮೇಲೆ ಬಾಣದ ಹಾಗೆ ಓಡಿಸುತ್ತದೆ ನಿಜ, ನೆಲ ಬಿಡುವಾಗ ಮಾತ್ರ ಎಂಜಿನ್ನಿಗೆ ಆ ತುತ್ತು ನುಂಗಲಾಗುವುದಿಲ್ಲ. ತುಂಬಿದ ಬಸ್ಸನ್ನು ಏರಿನಲ್ಲಿ ಮೂರನೇ ಗೇರಿನಲ್ಲಿ ಎಬ್ಬಿಸಿದರೆ ಹೇಗೆ ತೇಕುತ್ತದೋ, ಅದೇ ಸದ್ದು. ದಿನಾ ಬಸ್ಸು ಓಡಿಸುವವಳ ಕಿವಿಗೆ ಆ ಸದ್ದು ತಪ್ಪುತ್ತದೆಯೇ? ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಕೂಡ ಬರಬೇಕಾದ ಗೆರೆಯ ಹತ್ತಿರ ಬರುತ್ತಿರಲಿಲ್ಲ. ಹೇಳಿಬಿಡಬಹುದಿತ್ತು. ಆದರೆ ಅದನ್ನು ಬಿಚ್ಚಿ ತೋರಿಸಿದ ದಿನ ಮಾವನ ಮುಖ ನೋಡಿದವರು ಯಾರೂ ಹೇಳುತ್ತಿರಲಿಲ್ಲ ಬಿಡಿ. "ನಿನಗೆ ಅಂತಲೇ ಹುಡುಕಿದೆ," ಅಂದಿದ್ದರು. ಅವಳೂ ಹೊಗಳಿ ಅಟ್ಟಕ್ಕೇರಿಸಿದ್ದಳು.

ಸೋಮವಾರ ಡ್ಯೂಟಿ ಮುಗಿಸಿದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಊರಾಚೆ ಪ್ರೊಪೆಲ್ಲರ್ ಕೆತ್ತುವವಳ ಕಾರ್ಖಾನೆಗೆ ಹೋದಳು.

ಕಾರ್ಖಾನೆ ಅಂದರೆ ದೊಡ್ಡ ಕೊಟ್ಟಿಗೆಯಷ್ಟು ಜಾಗ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಬಿಗಿಹಿಡಿಗಳಲ್ಲಿ ಕಚ್ಚಿಸಿ ಸಾಲಾಗಿ ಇಟ್ಟಿದ್ದರು. ಕೆತ್ತುವವಳ ಹುಬ್ಬಿನ ತುಂಬ ಮರದ ಪುಡಿ. ಎಂಜಿನ್ ಯಾವುದು, ಇಬ್ಬರು ಕೂತರೆ ತೂಕ ಎಷ್ಟು, ಮೈದಾನ ಎಷ್ಟುದ್ದ, ಮೂತಿಯಿಂದ ನೆಲಕ್ಕೆ ಎಷ್ಟು ಜಾಗ ಅಂತ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಳು. ಕೊನೆಗೆ, "ನಿಮಗೆ ದೂರ ಹೋಗಬೇಕಾ, ಮೇಲೆ ಹೋಗಬೇಕಾ?" ಅಂದಳು.

"ಎರಡೂ ಆಗಲ್ವಾ?"

"ಮರದ್ದರಲ್ಲಿ ಆಗಲ್ಲ ಅಕ್ಕ. ಇದಕ್ಕೆ ಗೇರಿಲ್ಲ. ಒಂದನ್ನ ಆರಿಸಿಕೊಳ್ಳಿ."

"ಮೇಲೆ," ಅಂದಳು ಸೊಸೆ. "ನಮ್ಮ ಮಾವನನ್ನ ಕೂರಿಸಿಕೊಂಡು."

ಕಟ್ಟೆಯ ಮೇಲೆ ಕೆಂಪು ತುದಿಯದ್ದೊಂದು, ಕತ್ತಿಯ ಹಾಗೆ ಬಾಗಿದ್ದೊಂದು ಇದ್ದವು. ಕಣ್ಣು ಅತ್ತಲೇ ಹೋಗುತ್ತಿತ್ತು. ಕೆತ್ತುವವಳು ಅವನ್ನು ಬಿಟ್ಟು, ಮೂಲೆಯಿಂದ ಬಿಳಿಚಿಕೊಂಡ ಉದ್ದನೆಯದೊಂದನ್ನು ಎಳೆದಳು. ಅಗಲ ಅಲಗು, ತಿರುಚು ಕಡಿಮೆ. ದೋಣಿಯ ಹುಟ್ಟು ಅಂತ ಯಾರಾದರೂ ಅಂದರೆ ನಂಬಬಹುದು. ಸೊಸೆ ಅದರ ತುದಿಗೆ ಕಣ್ಣಿಟ್ಟು ನೋಡಿದಳು, ಬೆನ್ನು ಸವರಿದಳು. ಮೊದಲನೇ ಗೇರು ಅಂದುಕೊಂಡಳು.

"ಇದೇ ಇರಲಿ."

"ತಗೊಂಡು ಹೋಗಿ, ಹಾರಿಸಿ ನೋಡಿ, ಆಮೇಲೆ ಮಾತಾಡೋಣ. ಆದರೆ ತೂಕ ಸರಿಮಾಡಿಲ್ಲ, ಒಂದು ಅಲಗು ಚೂರು ಭಾರ ಇದೆ. ನನಗೆ ಈ ವಾರ ಉಸಿರಾಡೋಕೂ ಪುರಸೊತ್ತಿಲ್ಲ. ಕೈ ನಡುಗದವರು ಯಾರಾದರೂ ಇದ್ದರೆ ಮಾಡಿಸಿಕೊಳ್ಳಿ."

ಕೈ ನಡುಗದವರು ಊರಿಗೆಲ್ಲ ಒಬ್ಬರೇ ಇದ್ದರು. ಅವರು ಆ ಹೊತ್ತಿಗೆ ಮನೆಯಲ್ಲಿ ಸೌತೆಕಾಯಿ ಜಗಿಯುತ್ತಿದ್ದರು. ಗುಟ್ಟಾಗಿ ಮುಗಿಸೋಣ ಅಂದುಕೊಂಡಿದ್ದ ಕೆಲಸ ಅಲ್ಲಿಗೆ ಕೆಟ್ಟಿತು.

ಅಡುಗೆಮನೆಯ ಮೇಜಿನ ಮೇಲೆ ಅದನ್ನು ಅಡ್ಡ ಮಲಗಿಸಿ ಅವಳು ನೇರವಾಗಿಯೇ ಹೇಳಿದಳು. "ಮಾವ, ನಿಮ್ಮ ಹೊಟ್ಟೆ ತಪ್ಪಲ್ಲ. ನೀವು ತಂದ ಪ್ರೊಪೆಲ್ಲರ್ ಓಡೋಕೆ ಮಾಡಿದ್ದು, ಏರೋಕೆ ಅಲ್ಲ."

ಮಾವ ತಟ್ಟೆ ಸರಿಸಿದರು. "ನಿನಗೆ ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ."

"ಹಾಗಾದರೆ ನಾನು ಇಷ್ಟು ದಿನ ತಿಂದ ಎಲೆಕೋಸು?"

ಒಲೆಯ ಹತ್ತಿರ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಮರುದಿನ ಮಾತಿಲ್ಲ, ಅದರ ಮರುದಿನವೂ ಇಲ್ಲ. ಸೊಸೆ ಬಸ್ಸು ಓಡಿಸುತ್ತಲೇ ಕಣ್ಣೊರೆಸಿಕೊಂಡಳು. ಎದುರಿನ ಕನ್ನಡಿಯಲ್ಲಿ ಅದನ್ನು ಕಂಡ ಯಾರೋ ಅಜ್ಜಿ ಇಳಿಯುವಾಗ ಅವಳ ಭುಜ ತಟ್ಟಿ ಹೋದರು.

ಅತ್ತೆಗೆ ತಡೆಯಲಾಗಲಿಲ್ಲ. ಅವತ್ತು ಸೊಸೆ ಚಪ್ಪಲಿ ಬಿಡುವಾಗ ಒಳಗಿನಿಂದ ಅವರ ದನಿ ಕೇಳಿತು. "ಏನ್ರೀ ನಿಮ್ಮದು? ಒಂದು ಮರದ ತುಂಡಿಗೆ ಇಷ್ಟು ಮುಖ ಊದಿಸಿಕೊಂಡರೆ ಹೇಗೆ? ನಿಮ್ಮ ಮನಸ್ಸು ನೋಯಬಾರದು ಅಂತ ತಾನೇ ಅವಳು ಬಾಯಿ ಬಿಡದೆ ಇದ್ದದ್ದು?"

"ನೋವು ಅದೇ," ಅಂದರು ಮಾವ. "ಮರದ ತುಂಡು ಹಾಳಾಗಿ ಹೋಗಲಿ. ಗಡಿಯಾರದ ಸ್ಪ್ರಿಂಗ್ ಹೋಗಿದ್ದರೆ ಹೋಗಿದೆ ಅಂತ ನಾನು ಯಾರಿಗಾದರೂ ಮುಚ್ಚಿಟ್ಟಿದ್ದೀನಾ? ಜೊತೆಗೆ ಕೂತು ವಿಮಾನ ಕಟ್ಟಿದೋಳು, ನನ್ನನ್ನ ಗಾಜಿನ ಲೋಟ ಅಂದುಕೊಂಡುಬಿಟ್ಟಳಲ್ಲ."

ಸೊಸೆ ಬಾಗಿಲಲ್ಲೇ ನಿಂತು ಹೇಳಿದಳು, "ತಪ್ಪಾಯ್ತು ಮಾವ. ಇನ್ನು ಮುಚ್ಚಿಡಲ್ಲ. ಈಗಲೂ ಒಂದು ಹೇಳಬೇಕು. ಇದು ನಿಮ್ಮದರಷ್ಟು ಚಂದ ಇಲ್ಲ, ಮೇಲಾಗಿ ಒಂದು ಕಡೆ ವಾಲುತ್ತೆ. ನಿಮ್ಮ ಕೈ ಬೀಳದೆ ಇದು ಹಾರಲ್ಲ."

ಮಾವ ಅವಳನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದುದನ್ನು ನೋಡಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು.

"ಹುಟ್ಟು ಇದ್ದ ಹಾಗಿದೆ," ಅಂದರು.

"ನನಗೂ ಹಾಗೇ ಅನ್ನಿಸಿತು."

"ವಾರ್ನಿಷ್ ಡಬ್ಬಿ ತಾ."

ಎರಡು ಚಾಕುಗಳನ್ನು ಬಾಯಿ ಮೇಲಾಗಿ ನಿಲ್ಲಿಸಿ, ಪ್ರೊಪೆಲ್ಲರಿನ ತೂತಿಗೆ ತೂರಿಸಿದ ಸಲಾಕೆಯನ್ನು ಅವುಗಳ ಮೇಲಿಟ್ಟು ತೂಗಿದರು. ಬಲಗಡೆಯದ್ದು ಮೆಲ್ಲಗೆ ಕೆಳಗಿಳಿಯಿತು. ಎಡಗಡೆಯ ತುದಿಗೆ ಮಾವ ಗಡಿಯಾರಕ್ಕೆ ಎಣ್ಣೆ ಬಿಡುವ ಕುಂಚದಲ್ಲಿ ಒಂದು ಪದರ ವಾರ್ನಿಷು ಹಚ್ಚಿದರು. ಒಣಗಿದ ಮೇಲೆ ಮತ್ತೆ ತೂಗಿದರು. ಮತ್ತೆ ಹಚ್ಚಿದರು. ಅಡುಗೆಮನೆ ಪೂರ್ತಿ ಅವರ ವಶವಾಯಿತು, ಅತ್ತೆ ವರಾಂಡದಲ್ಲಿ ಒಲೆ ಹೂಡಿ ಗೊಣಗಿದರು. ಶನಿವಾರ ಮಧ್ಯಾಹ್ನ ಅದನ್ನು ಓರೆಯಾಗಿ ಬಿಟ್ಟರೆ ಓರೆಯಾಗಿ, ನೆಟ್ಟಗೆ ಬಿಟ್ಟರೆ ನೆಟ್ಟಗೆ, ಬಿಟ್ಟಲ್ಲೇ ನಿಂತಿತು. ಮಾವ ಸೊಸೆಯ ತಲೆಯ ಮೇಲೊಮ್ಮೆ ಕೈಯಿಟ್ಟು ಎದ್ದರು. ಅವಳಿಗೆ ಎದೆ ಹಗುರಾಯಿತು.

ಭಾನುವಾರ ಮೈದಾನದಲ್ಲಿ ಮಾವ ತಮ್ಮ ಪ್ರೊಪೆಲ್ಲರನ್ನು ತಾವೇ ಬಿಚ್ಚಿದರು, ಕಂಬಳಿಯಲ್ಲಿ ಸುತ್ತಿ ಅತ್ತೆಯ ಕೈಗೆ ಕೊಟ್ಟರು. ಹೊಸದನ್ನು ಕೂರಿಸಿ, ಬೋಲ್ಟು ಬಿಗಿದು, ತುದಿಗೆ ತಾಗುವಂತೆ ಒಂದು ಸ್ಟೂಲು ಇಟ್ಟು ತಿರುಗಿಸಿದರು. ಒಂದು ತುದಿ ತಾಗಿದ ಜಾಗಕ್ಕೇ ಇನ್ನೊಂದೂ ಬಂದು ತಾಗಿತು, ನೇರವಾಗಿಯೇ ಕೂತಿದೆ ಅಂತಾಯ್ತು. ಸೀಟಿ ಸಾಹೇಬರು ಬಾವುಟದ ಬುಡದಲ್ಲಿ ಕೈಕಟ್ಟಿ ನಿಂತಿದ್ದರು. ಅವರ ಹಿಂದೆ, ಶೆಡ್ಡಿಗೆ ಕಾಯುತ್ತಿದ್ದವರು ಟೇಪು ಹಿಡಿದು ಅಳತೆ ಮಾಡಲೂ ಬಂದಿದ್ದರು. ಅವಸರ ನೋಡಿ ಜನಕ್ಕೆ.

ಮಾವ ಪಕ್ಕದ ಸೀಟಿಗೆ ಹತ್ತಿ ಕೂತ ಮೇಲೆ ಸೊಸೆ ಥ್ರಾಟಲ್ ಒತ್ತಿದಳು. ತೇಕುವ ಸದ್ದು ಬರಲಿಲ್ಲ. ಎಂಜಿನ್ ಗಂಟಲು ಬಿಚ್ಚಿತು, ಮುಳ್ಳು ಸರಸರನೆ ಏರಿ ಗೆರೆಗೆ ಬಂದು ಕೂತಿತು. ಸಣ್ಣ ಸಣ್ಣ ತುತ್ತು, ಗಬಗಬನೆ. ಬೆನ್ನು ಸೀಟಿಗೆ ಒತ್ತಿತು. ಮೈದಾನದ ಅರ್ಧ ಕೂಡ ಬಂದಿರಲಿಲ್ಲ, ಹುಲ್ಲಿನ ಗಡಗಡ ಒಮ್ಮೆಲೇ ನಿಂತುಹೋಯಿತು.

"ಏನಾಯ್ತು?" ಅಂದರು ಕಣ್ಣು ಮುಚ್ಚಿಕೊಂಡಿದ್ದ ಮಾವ.

"ಕಣ್ಣು ಬಿಡಿ ಮಾವ. ಕೆಳಗೆ ನೋಡಿ."

ಬಾವುಟ ಎಲ್ಲೋ ಕೆಳಗೆ, ಕರವಸ್ತ್ರದಷ್ಟಾಗಿ ಸರಿದುಹೋಯಿತು. ಟೇಪು ಹಿಡಿದವರು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರು. ಸೀಟಿ ಸಾಹೇಬರು ಕೆನ್ನೆಯುಬ್ಬಿಸಿ ಸೀಟಿ ಊದುತ್ತಿದ್ದುದು ಕಂಡಿತು, ಕೇಳಿಸಲಿಲ್ಲ. ಅತ್ತೆ ಕಂಬಳಿಯ ಗಂಟನ್ನೇ ತಲೆಯ ಮೇಲೆತ್ತಿ ಆಡಿಸುತ್ತಿದ್ದರು. ವಿಮಾನ ಇನ್ನೂ ಏರುತ್ತಲೇ ಇತ್ತು. ಓಣಿ ಕಂಡಿತು, ಗಿರಣಿ ಕಂಡಿತು, ಅವಳ ಬಸ್ಸು ನಿಲ್ಲುವ ಡಿಪೋ ಬೆಂಕಿಪೊಟ್ಟಣದಷ್ಟು ಕಂಡಿತು. ಸೊಸೆಗೆ ನಗು ಬಂತು, ಅಳುವೂ ಬಂತು, ಯಾವುದನ್ನೂ ತಡೆಯಲಿಲ್ಲ. ಗೆದ್ದಿದ್ದರು, ಇನ್ನೇನು ಬೇಕು.

ಮಾವ ಅಂಗಿಯೊಳಗೆ ಕೈ ಹಾಕಿ ಕಾಗದದ ಪೊಟ್ಟಣ ತೆಗೆದರು. ಎರಡು ದಪ್ಪ ಬೆಣ್ಣೆ ಬನ್ನು. "ಅಟ್ಟ ಹತ್ತಿದ್ದೆ," ಅಂದರು. "ಭಾರ ಜಾಸ್ತಿ ಆಯ್ತಾ?"

"ಇನ್ನೂ ನಾಲ್ಕು ತರಬಹುದಿತ್ತು."

ಒಂದನ್ನು ಅವಳ ಬಾಯಿಗಿಟ್ಟು, ಇನ್ನೊಂದನ್ನು ಅವರು ತಿಂದರು. ತಿನ್ನುತ್ತಾ ತಮ್ಮ ಕೈಯಲ್ಲಿ ಕೂರಿಸಿದ ರೆಕ್ಕೆಯನ್ನೇ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ನೋಡಿದರು. "ನನ್ನ ಪ್ರೊಪೆಲ್ಲರೂ ಇರಲಿ," ಅಂದರು. "ನೀನೊಬ್ಬಳೇ ದೂರ ಹೋಗೋವಾಗ ಅದನ್ನ ಹಾಕೋಣ."

ಇಳಿದಾಗ ಸೀಟಿ ಸಾಹೇಬರು ಓಡಿಬಂದು ಇಬ್ಬರ ಕೈಯನ್ನೂ ಕುಲುಕಿದರು. ಅತ್ತೆ ಮಾವನ ಮೀಸೆಗೆ ಅಂಟಿದ ಬನ್ನಿನ ಪುಡಿ ನೋಡಿ ಕಣ್ಣು ದೊಡ್ಡದು ಮಾಡಿದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮಾವ ಮಾತ್ರ ವಿಮಾನದ ಮೂತಿಯ ಕಡೆ ನಡೆದರು. ಆ ಬಿಳಿಚಿದ ಪ್ರೊಪೆಲ್ಲರ್ ನೆಟ್ಟಗೆ ನಿಂತುಬಿಟ್ಟಿತ್ತು. ಅವರು ಎರಡೂ ಕೈಯಿಂದ ಅದನ್ನು ಹಿಡಿದು, ನಿಧಾನವಾಗಿ ತಿರುಗಿಸಿ, ಅಡ್ಡ ಮಲಗಿಸಿದರು.